ಟೆಲಿಪೋರ್ಟೇಷನ್ ಬಗ್ಗೆ ಸರಿಯಾಗಿ ತಲೆ ಕೆಡಿಸಿಕೊಳ್ಳುವುದು ಹೇಗೆ

ಮೊದಲು ಟೆಲಿಪೋರ್ಟೇಷನ್ನನ್ನು, ಅಂದರೆ ಇಲ್ಲಿರುವುದನ್ನು ನಡುವಿನ ದಾರಿ ಸವೆಸದೆ ಅಲ್ಲಿ ಮೂಡಿಸುವುದನ್ನು, ನೀವೇ ಒಂದು ಸಲ ಮಾಡಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮನುಷ್ಯರನ್ನಲ್ಲ, ಒಂದು ಕ್ಯೂಬಿಟ್ಟನ್ನು, ಅಂದರೆ ಕ್ವಾಂಟಮ್ ಕಂಪ್ಯೂಟರ್ ಮಾಹಿತಿ ಇಡುವ ಅತಿ ಚಿಕ್ಕ ಘಟಕವನ್ನು. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಅರ್ಧ ಗಂಟೆ ಬಿಡುವು ಇದ್ದರೆ ಸಾಕು. "ಯಂತ್ರದೊಳಗೆ ಹೋದವನೂ ಆ ಕಡೆ ಹೊರಗೆ ಬಂದವನೂ ಒಬ್ಬನೇನಾ" ಅಂತ ರಾತ್ರಿಯೆಲ್ಲ ವಾದ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಅಂತ ನೋಡದೆ ವಾದಕ್ಕೆ ಕೂತರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅದಕ್ಕೇ ಇದರ ಮೊದಲರ್ಧ ಕಂಪ್ಯೂಟರ್ ಮುಂದೆ, ಉಳಿದರ್ಧ ಒಂದು ನೋಟ್‌ಬುಕ್ ಮುಂದೆ. ಅದಲು ಬದಲು ಮಾಡಬೇಡಿ.

ಒಂದು ಕ್ಯೂಬಿಟ್ ಕಳಿಸುವುದು

ಕ್ವರ್ಕ್ ಅಂತ ಒಂದು ಸಿಮ್ಯುಲೇಟರ್ ಇದೆ. ಬ್ರೌಸರ್‌ನಲ್ಲೇ ಓಡುತ್ತದೆ. ಖಾತೆ ಬೇಡ, ದುಡ್ಡೂ ಬೇಡ. ಗೇಟ್‌ಗಳನ್ನು, ಅಂದರೆ ಕ್ಯೂಬಿಟ್‌ನ ಸ್ಥಿತಿ ಬದಲಾಯಿಸುವ ಕ್ರಿಯೆಗಳನ್ನು, ಎಳೆದು ತಂದು ಗೆರೆಗಳ ಮೇಲೆ ಬಿಟ್ಟರೆ ಆಯಿತು. ನಿಜವಾದ ಯಂತ್ರದ ಮೇಲೇ ಮಾಡಬೇಕು ಅನ್ನುವ ಹಠ ಇದ್ದರೆ, ಐಬಿಎಂ 2016ರಿಂದ ತನ್ನ ಕ್ವಾಂಟಮ್ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಳಸಲು ಬಿಟ್ಟಿದೆ. ಮೊದಲ ಸಲಕ್ಕೆ ಕ್ವರ್ಕ್ ಸಾಕು.

ಮೂರು ಗೆರೆ ತಗೊಳ್ಳಿ, ಒಂದೊಂದು ಗೆರೆಯೂ ಒಂದು ಕ್ಯೂಬಿಟ್. ಕಳಿಸುವವರು ಗಿರಿಜಾ, ಧಾರವಾಡದಲ್ಲಿದ್ದಾರೆ ಅಂದುಕೊಳ್ಳಿ. ಪಡೆಯುವವರು ಬಸವರಾಜ, ಮಂಗಳೂರಿನಲ್ಲಿದ್ದಾರೆ. ಮೇಲಿನ ಎರಡು ಗೆರೆ ಗಿರಿಜಾ ಕೈಲಿ, ಕೆಳಗಿನದು ಬಸವರಾಜನ ಕೈಲಿ. ಕಳಿಸಬೇಕಾಗಿರುವುದು ಎಲ್ಲಕ್ಕಿಂತ ಮೇಲಿನ ಗೆರೆಯ ಸ್ಥಿತಿ. ಅದಕ್ಕೆ ಸುಮ್ನೆ 0 ಅಥವಾ 1 ಕೊಟ್ಟರೆ ಮಜಾ ಇಲ್ಲ, ಎಕ್ಸ್ ಗೇಟ್‌ನ ಎಂಟನೇ ಒಂದು ಪಾಲು ತಿರುವನ್ನು (ಕ್ವರ್ಕ್‌ನಲ್ಲಿ X^¼) ಅದರ ಮೇಲೆ ಹಾಕಿ. ಈಗ ಅದು 0ಯೂ ಅಲ್ಲ 1ಊ ಅಲ್ಲದ ಒಂದು ಓರೆ ಸ್ಥಿತಿಯಲ್ಲಿದೆ.

ಆಮೇಲೆ ಮಧ್ಯದ ಗೆರೆಗೆ ಎಚ್ ಗೇಟ್ ಹಾಕಿ. ಅದರ ಪಕ್ಕದ ಅಂಕಣದಲ್ಲಿ ಮಧ್ಯದ ಗೆರೆಯ ಮೇಲೆ ಕಪ್ಪು ಚುಕ್ಕೆ, ಕೆಳಗಿನ ಗೆರೆಯ ಮೇಲೆ ಎಕ್ಸ್. ಚುಕ್ಕೆ ಅಂದರೆ ಆ ಗೆರೆ 1 ಇದ್ದರೆ ಮಾತ್ರ ಜೊತೆಯ ಗೇಟ್ ಕೆಲಸ ಮಾಡಲಿ ಅಂತ. ಇಷ್ಟಾದರೆ ಮಧ್ಯದ್ದೂ ಕೆಳಗಿನದೂ ಒಂದು ಹೆಣೆದ ಜೋಡಿ ಆಗುತ್ತವೆ. ಒಂದನ್ನು ಅಳೆದರೆ ಬರುವ ಉತ್ತರ ಇನ್ನೊಂದರ ಉತ್ತರಕ್ಕೆ ಹೊಂದಿಕೊಂಡೇ ಇರುತ್ತದೆ. ಎಂಟ್ಯಾಂಗಲ್‌ಮೆಂಟ್ ಅನ್ನುವುದು ಇದಕ್ಕೇ. ನಿಜ ಜೀವನದಲ್ಲಿ ಈ ಜೋಡಿಯನ್ನು ಮೊದಲೇ ಮಾಡಿ, ಒಂದನ್ನು ಧಾರವಾಡಕ್ಕೂ ಇನ್ನೊಂದನ್ನು ಮಂಗಳೂರಿಗೂ ಸಾಗಿಸಿ ಇಟ್ಟಿರಬೇಕು. ಅದು ಹೋಗುವುದು ಮಾಮೂಲಿ ದಾರಿಯಲ್ಲೇ, ಫೈಬರ್‌ನಲ್ಲೋ ಗಾಳಿಯಲ್ಲೋ. ಈ ಭಾಗವನ್ನು ಕಥೆ ಹೇಳುವವರು ಯಾವಾಗಲೂ ನುಂಗಿಬಿಡುತ್ತಾರೆ.

ಈಗ ಗಿರಿಜಾ ಕೆಲಸ. ಮೇಲಿನ ಗೆರೆಯ ಮೇಲೆ ಕಪ್ಪು ಚುಕ್ಕೆ, ಮಧ್ಯದ್ದರ ಮೇಲೆ ಎಕ್ಸ್. ಮುಂದಿನ ಅಂಕಣದಲ್ಲಿ ಮೇಲಿನ ಗೆರೆಗೆ ಎಚ್. ಆಮೇಲೆ ಎರಡನ್ನೂ ಅಳೆಯಿರಿ. ನಾಲ್ಕು ಉತ್ತರಗಳಲ್ಲಿ ಒಂದು ಬರುತ್ತದೆ: 00, 01, 10, 11. ನಾಲ್ಕಕ್ಕೂ ತಲಾ 25% ಸಾಧ್ಯತೆ. ನೀವು ಏನನ್ನೇ ಕಳಿಸಿ, ಈ 25% ಬದಲಾಗುವುದಿಲ್ಲ. ಅಂದರೆ ಗಿರಿಜಾಗೆ ತಾನು ಕಳಿಸಿದ್ದು ಏನು ಅಂತಲೇ ಗೊತ್ತಾಗುವುದಿಲ್ಲ. ಅವರು ಆ ಎರಡು ಅಂಕಿಯನ್ನು ಬಸವರಾಜನಿಗೆ ಫೋನ್ ಮಾಡಿ ಹೇಳುತ್ತಾರೆ. ಮಧ್ಯದ್ದು 1 ಬಂದಿದ್ದರೆ ಆತ ತನ್ನ ಕ್ಯೂಬಿಟ್‌ಗೆ ಎಕ್ಸ್ ಹಾಕಬೇಕು, ಮೇಲಿನದು 1 ಬಂದಿದ್ದರೆ ಜೆಡ್ ಹಾಕಬೇಕು. ಕ್ವರ್ಕ್‌ನಲ್ಲಿ ಅಳತೆಯಾದ ಗೆರೆಯ ಮೇಲೆ ಕಪ್ಪು ಚುಕ್ಕೆ ಇಟ್ಟರೆ ಈ "ಬಂದಿದ್ದರೆ" ಅನ್ನುವುದು ಆಗಿಹೋಗುತ್ತದೆ.

ಸರಿಯಾಗಿ ಬಂದಿದೆಯಾ ಅಂತ ನೋಡಲು ಕೆಳಗಿನ ಗೆರೆಗೆ ಎಕ್ಸ್‌ನ ಅದೇ ತಿರುವನ್ನು ಉಲ್ಟಾ (X^-¼) ಹಾಕಿ. 1 ಬರುವ ಸಾಧ್ಯತೆ 0% ಅಂತ ತೋರಿಸಿದರೆ ಕಳಿಸಿದ್ದು ಹಾಗೇ ಬಂದಿದೆ. ಬೇರೆ ಏನಾದರೂ ತೋರಿಸಿದರೆ ಹೆಚ್ಚಿನ ಪಾಲು ಎಕ್ಸ್, ಜೆಡ್‌ಗಳ ಚುಕ್ಕೆ ಅದಲು ಬದಲಾಗಿರುತ್ತದೆ, ಅದನ್ನೇ ಮೊದಲು ನೋಡಿ.

ಇಲ್ಲಿ ನಿಂತು ಮೂರು ವಿಷಯ ಗಮನಿಸಿ, ಯಾಕೆಂದರೆ ಮುಂದಿನ ವಾದವೆಲ್ಲ ಇದರ ಮೇಲೇ ನಿಲ್ಲುತ್ತದೆ. ಮೊದಲನೆಯದು, ಗಿರಿಜಾ ಹತ್ತಿರ ಏನೂ ಉಳಿದಿಲ್ಲ. ಅಳತೆಯಾದ ಮೇಲೆ ಮೇಲಿನ ಗೆರೆ ಬರೀ 0 ಅಥವಾ 1. ಆ ಓರೆ ಸ್ಥಿತಿ ಅಲ್ಲಿ ಹೋಯಿತು, ವಾಪಸ್ ತರುವ ದಾರಿಯೇ ಇಲ್ಲ. ಇದು ಯಂತ್ರದ ಕೊರತೆ ಅಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಗೆ ಪ್ರತಿ ತೆಗೆಯಲು ಸಾಧ್ಯವೇ ಇಲ್ಲ ಅಂತ 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಸೇರಿ, ಡೀಕ್ಸ್ ಬೇರೆಯಾಗಿ, ತೋರಿಸಿದರು. ಈ ಕಡೆ ಅಳಿಸದಿದ್ದರೆ ಆ ಕಡೆ ಮೂಡುವುದಿಲ್ಲ. ಎರಡನೆಯದು, ಫೋನ್ ಬರುವವರೆಗೆ ಬಸವರಾಜನ ಕೈಲಿರುವುದು ಬರೀ ಗದ್ದಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಫೋನ್ ಬೆಳಕಿಗಿಂತ ವೇಗವಾಗಿ ಹೋಗಲಾರದು, ಹಾಗಾಗಿ ಟೆಲಿಪೋರ್ಟೇಷನ್ನೂ ಹೋಗಲಾರದು. ಮಂಗಳ ಗ್ರಹಕ್ಕಾದರೆ, ಅದು ಎಲ್ಲಿದೆ ಅನ್ನುವುದರ ಮೇಲೆ, ಸುಮಾರು 3ರಿಂದ 22 ನಿಮಿಷ ಬೇಕೇ ಬೇಕು. ಮೂರನೆಯದು, ಯಾವ ವಸ್ತುವೂ ಹೋಗಲಿಲ್ಲ. ಬಸವರಾಜನ ಹತ್ತಿರ ಒಂದು ಕಣ ಮೊದಲೇ ಇತ್ತು. ಹೋದದ್ದು ಸ್ಥಿತಿ ಮಾತ್ರ.

ಈ ವಿಧಾನವನ್ನು 1993ರಲ್ಲಿ ಆರು ಜನ ಸೇರಿ ಬರೆದರು: ಬೆನೆಟ್, ಬ್ರಾಸಾರ್ಡ್, ಕ್ರೆಪೊ, ಜೋಜಾ, ಪೆರೆಸ್, ವೂಟರ್ಸ್. ದೇಹದ ಜೊತೆ ಆತ್ಮವನ್ನೂ ಹೀಗೆ ಕಳಿಸಬಹುದಾ ಅಂತ ಪತ್ರಕರ್ತರೊಬ್ಬರು ಕೇಳಿದ್ದಕ್ಕೆ ಆಶರ್ ಪೆರೆಸ್, ದೇಹವನ್ನು ಕಳಿಸಲಾಗುವುದಿಲ್ಲ, ಆತ್ಮವನ್ನು ಮಾತ್ರ ಕಳಿಸಬಹುದು ಅಂದರಂತೆ. ನಗಿಸಲು ಹೇಳಿದ್ದು, ಆದರೆ ನೀವು ಈಗಷ್ಟೇ ಮಾಡಿದ್ದನ್ನು ನೋಡಿದರೆ ಆ ಮಾತು ಅಷ್ಟೇನೂ ತಪ್ಪಲ್ಲ.

ಪೇಪರ್‌ನಲ್ಲಿ ಸುದ್ದಿ ಬಂದಾಗ

"ವಿಜ್ಞಾನಿಗಳು ಟೆಲಿಪೋರ್ಟ್ ಮಾಡಿದರು" ಅಂತ ವರ್ಷಕ್ಕೊಂದು ಸಲವಾದರೂ ಬರುತ್ತದೆ. ಓದಿದ ತಕ್ಷಣ ಕೇಳಬೇಕಾದ್ದು: ಏನು ಹೋಯಿತು? ಎಷ್ಟು ದೂರ? ಎಷ್ಟು ನಿಖರವಾಗಿ?

ದೂರದ ಕಥೆ ಚೆನ್ನಾಗಿದೆ. 1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಆಂಟನ್ ಜೈಲಿಂಗರ್ ತಂಡ ಪ್ರಯೋಗಾಲಯದೊಳಗೇ ಒಂದು ಫೋಟಾನ್‌ನ, ಅಂದರೆ ಬೆಳಕಿನ ಕಣದ, ಸ್ಥಿತಿಯನ್ನು ಇನ್ನೊಂದಕ್ಕೆ ಕಳಿಸಿತು. 2012ರಲ್ಲಿ ಇದೇ ಜೈಲಿಂಗರ್ ತಂಡ ಕ್ಯಾನರಿ ದ್ವೀಪಗಳಲ್ಲಿ ಲಾ ಪಾಲ್ಮಾದಿಂದ ಟೆನೆರೀಫ್‌ಗೆ 143 ಕಿಲೋಮೀಟರ್ ದಾಟಿಸಿತು. 2017ರಲ್ಲಿ ಚೀನಾದ ಪಾನ್ ಜಿಯಾನ್‌ವೇ ತಂಡ ಟಿಬೆಟ್‌ನ ನ್ಗಾರಿಯಿಂದ ಮಿಶಿಯಸ್ ಉಪಗ್ರಹಕ್ಕೆ, 1400 ಕಿಲೋಮೀಟರ್‌ವರೆಗೆ. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೇಮ್ ಕುಮಾರ್ ತಂಡ ಸಾಮಾನ್ಯ ಇಂಟರ್ನೆಟ್ ಸಂಚಾರ ಓಡುತ್ತಿರುವ 30 ಕಿಲೋಮೀಟರ್ ಫೈಬರ್‌ನಲ್ಲೇ ಇದನ್ನು ಮಾಡಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಕೊನೆಯದು, ಯಾಕೆಂದರೆ ಇದಕ್ಕಾಗಿಯೇ ಬೇರೆ ಕೇಬಲ್ ಎಳೆಯಬೇಕು ಅನ್ನುವ ಅಡ್ಡಿ ಅಲ್ಲಿ ಸಡಿಲವಾಯಿತು.

ಹೋದದ್ದು ಏನು ಅಂತ ಕೇಳಿದರೆ ಮಾತ್ರ ಉತ್ಸಾಹ ಇಳಿಯುತ್ತದೆ. ಇವೆಲ್ಲದರಲ್ಲೂ ಹೋದದ್ದು ಬೆಳಕಿನ ಕಣದ ಸ್ಥಿತಿ. 2004ರಲ್ಲಿ ಅಯಾನುಗಳ (ವಿದ್ಯುದಾವೇಶ ಇರುವ ಪರಮಾಣುಗಳ) ಒಳಸ್ಥಿತಿಯೂ ಹೋಯಿತು, ಅದು ದೊಡ್ಡ ಹೆಜ್ಜೆಯೇ. ಆದರೆ ದೂರ ಏರಿದ ಹಾಗೆ ಗಾತ್ರ ಏರಿಲ್ಲ. ಇಲಿ ಬಿಡಿ, ಒಂದು ವೈರಸ್ ಕೂಡ ಹತ್ತಿರದಲ್ಲಿಲ್ಲ.

ನಿಖರತೆಗೆ ಒಂದು ಸುಲಭ ಅಳತೆ ಇದೆ: 2/3. ಹೆಣೆದ ಜೋಡಿಯೇ ಇಲ್ಲದೆ, ಗಿರಿಜಾ ತನ್ನ ಕ್ಯೂಬಿಟ್ ಅಳೆದು, ಬಂದದ್ದನ್ನು ಫೋನ್‌ನಲ್ಲಿ ಹೇಳಿ, ಬಸವರಾಜ ಅದನ್ನು ಕೇಳಿಕೊಂಡು ಹೊಸದೊಂದನ್ನು ಮಾಡಿದರೂ ಸರಾಸರಿ 2/3 ಹೋಲಿಕೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಟೆಲಿಪೋರ್ಟೇಷನ್ ಅನ್ನಬೇಕು. ಮಿಶಿಯಸ್‌ಗೆ ಬಂದದ್ದು ಸುಮಾರು 0.80.

ನಮ್ಮಲ್ಲೂ ಕೇಂದ್ರ ಸರ್ಕಾರ 2023ರಲ್ಲಿ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಇಲ್ಲಿಯ ಸುದ್ದಿಗಳಲ್ಲಿ "ಕ್ವಾಂಟಮ್ ಸಂವಹನ" ಅಂತ ಬಂದರೆ ಅದು ಹೆಚ್ಚಾಗಿ ಗುಟ್ಟಿನ ಕೀಲಿ ಹಂಚುವ ಕೆಲಸ, ಟೆಲಿಪೋರ್ಟೇಷನ್ ಅಲ್ಲ. ಎರಡನ್ನೂ ಕಲಸಬೇಡಿ.

ಮನುಷ್ಯನ ಲೆಕ್ಕ, ಎರಡು ಸಲ

ಪೆನ್ನು ತಗೊಳ್ಳಿ. 70 ಕೆಜಿ ಮನುಷ್ಯನಲ್ಲಿ ಸುಮಾರು 7ರ ಪಕ್ಕ 27 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಒಂದೊಂದಕ್ಕೂ ಅದು ಯಾವುದು, ಎಲ್ಲಿದೆ, ಹೇಗಿದೆ ಅಂತ ಬರೆಯಲು 100 ಬಿಟ್ ಅಂದುಕೊಳ್ಳೋಣ. ಇದು ಸುಮ್ನೆ ಹಿಡಿದ ಅಂಕಿ, ನಿಮಗೆ ಬೇಕಾದದ್ದು ಹಾಕಿಕೊಳ್ಳಿ. ಸೆಕೆಂಡಿಗೆ ಒಂದು ಟೆರಾಬಿಟ್ ಕಳಿಸುವ ಲೈನ್ ಇದೆ ಅಂದರೂ ಎಲ್ಲ ಹೋಗಿ ಮುಟ್ಟಲು ಸುಮಾರು 2200 ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ ವಯಸ್ಸು 1380 ಕೋಟಿ ವರ್ಷ. ಅದರ ಬದಲು ದೇಹವನ್ನೇ ಶಕ್ತಿಯಾಗಿ ಮಾಡಿ ಕಳಿಸಿಬಿಡೋಣ ಅನ್ನುವವರು ಐನ್‌ಸ್ಟೈನ್ ಸೂತ್ರಕ್ಕೆ 70 ಕೆಜಿ ಹಾಕಿ ನೋಡಲಿ. ಹಿರೋಷಿಮಾದ ಮೇಲೆ ಬಿದ್ದಂಥ ಬಾಂಬ್ ಸುಮಾರು ಒಂದು ಲಕ್ಷ. ಊರಿಗೆ ಊರೇ ಹೋಗುತ್ತದೆ, ನೀವೂ ಬರುವುದಿಲ್ಲ.

ಇಲ್ಲಿಗೆ ಬಂದು ಹೆಚ್ಚಿನವರು "ಆಗಲ್ಲ, ಬಿಡಿ" ಅಂತ ಎದ್ದುಬಿಡುತ್ತಾರೆ. ಏಳಬೇಡಿ, ಲೆಕ್ಕವನ್ನು ಇನ್ನೊಂದು ಸಲ ಮಾಡಿ. ನಿಮ್ಮ ಎಡಗಾಲಿನ ಕಿರುಬೆರಳಿನ ಪ್ರತಿ ಪರಮಾಣುವೂ ಅಲ್ಲೇ ಇರಬೇಕಾ? ಲಿವರ್‌ನಲ್ಲಿರುವ ನೀರಿನ ಪ್ರತಿ ಅಣುವಿನ ದಿಕ್ಕೂ ಬೇಕಾ? ದೇಹವನ್ನು ಒಂದು ಸಾಧಾರಣ ಅಚ್ಚಿನಿಂದ ಮಾಡಿಕೊಂಡು, ನಿಮ್ಮನ್ನು ನೀವಾಗಿ ಮಾಡುವ ಭಾಗವನ್ನು ಮಾತ್ರ ಕಳಿಸಿದರೆ ಸಾಲದಾ? ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಅವುಗಳ ನಡುವಿನ ಕೂಡುಗಳು, ಸಿನಾಪ್ಸ್‌ಗಳು, ಸುಮಾರು ಒಂದು ಕೋಟಿ ಕೋಟಿ ಅಂತ ಹಿಡಿಯಬಹುದು. ಒಂದೊಂದಕ್ಕೂ ಅದೇ 100 ಬಿಟ್ ಕೊಡಿ. ಅದೇ ಟೆರಾಬಿಟ್ ಲೈನ್. ಈಗ ಬೇಕಾದ್ದು ಮೂರು ಗಂಟೆಗಿಂತ ಕಡಿಮೆ.

2200 ಕೋಟಿ ವರ್ಷ ಒಂದು ಕಡೆ, ಮೂರು ಗಂಟೆ ಇನ್ನೊಂದು ಕಡೆ. ನಡುವೆ ಬದಲಾದದ್ದು ತಂತ್ರಜ್ಞಾನ ಅಲ್ಲ, "ನಾನು ಅಂದರೆ ಏನು" ಅನ್ನುವುದಕ್ಕೆ ನಾವು ಕೊಟ್ಟ ಉತ್ತರ. ಟೆಲಿಪೋರ್ಟೇಷನ್ ಸಾಧ್ಯವಾ ಅನ್ನುವ ಪ್ರಶ್ನೆಯೂ ನಾನು ಯಾರು ಅನ್ನುವ ಪ್ರಶ್ನೆಯೂ ಬೇರೆ ಬೇರೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಎಷ್ಟು ಕಳಿಸಬೇಕು ಅಂತ ತೀರ್ಮಾನವಾಗದೆ ಆಗುತ್ತದಾ ಇಲ್ಲವಾ ಅಂತ ಹೇಳಲು ಬರುವುದಿಲ್ಲ.

ಕಳಿಸುವುದು ಮೂರು ಗಂಟೆ ಅಂದ ಮಾತ್ರಕ್ಕೆ ಓದುವುದು ಸುಲಭ ಅಂದುಕೊಳ್ಳಬೇಡಿ. 2024ರಲ್ಲಿ ಹಣ್ಣಿನ ನೊಣದ ಪೂರ್ತಿ ಮಿದುಳಿನ ನಕ್ಷೆ ಬಂತು. 1,39,255 ನರಕೋಶ, 5 ಕೋಟಿಗೂ ಜಾಸ್ತಿ ಸಿನಾಪ್ಸ್. ಅದಕ್ಕೆ ಆ ಮಿದುಳನ್ನು ತೀರಾ ತೆಳ್ಳಗೆ ಹೋಳು ಹೋಳು ಮಾಡಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದೇ ವರ್ಷ ಹಾರ್ವರ್ಡ್ ಮತ್ತು ಗೂಗಲ್‌ನವರು ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ತುಂಡಿನ ನಕ್ಷೆಯನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಕಿಕಾಳಿಗಿಂತ ಚಿಕ್ಕದು. ಆ ಚಿತ್ರಗಳೇ 1400 ಟೆರಾಬೈಟ್. ಪೂರ್ತಿ ಮಿದುಳು ಅಂದರೆ ಅಂಥ ಹತ್ತು ಲಕ್ಷಕ್ಕೂ ಜಾಸ್ತಿ ತುಂಡು. ಸದ್ಯಕ್ಕೆ ಜೀವಂತ ಮಿದುಳನ್ನು ಈ ಮಟ್ಟದಲ್ಲಿ ಓದುವ ದಾರಿ ಯಾರ ಹತ್ತಿರವೂ ಇಲ್ಲ.

ಒಂದು ಆಸರೆ ಇಲ್ಲಿ ಕೈ ತಪ್ಪುತ್ತದೆ

ಕ್ಯೂಬಿಟ್ ಕಳಿಸಿದಾಗ ಒಂದು ಸಮಾಧಾನ ಇತ್ತು, ನೆನಪಿದೆಯಾ? ಪ್ರತಿ ತೆಗೆಯಲು ಆಗುವುದಿಲ್ಲ. ಹಾಗಾಗಿ "ಇಬ್ಬರು ಬಂದರೆ ಯಾರು ನಿಜ" ಅನ್ನುವ ತಲೆನೋವೇ ಇಲ್ಲ. ಹೋದದ್ದು ಒಬ್ಬರು, ಬಂದದ್ದು ಒಬ್ಬರು, ಮುಗಿಯಿತು. ಫಿಸಿಕ್ಸ್ ಓದಿದವರು ವಾದವನ್ನು ಇಲ್ಲೇ ಮುಗಿಸಲು ನೋಡುತ್ತಾರೆ.

ಅದು ನಿಲ್ಲುವುದಿಲ್ಲ. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಒಂದು ಲೆಕ್ಕ ಹಾಕಿದರು. ಬಿಸಿಯಾದ, ಒದ್ದೆಯಾದ ಮಿದುಳಿನಲ್ಲಿ ನಾಜೂಕಾದ ಕ್ವಾಂಟಮ್ ಸ್ಥಿತಿ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟು ಹೊತ್ತೂ ಉಳಿಯಲಾರದು ಅಂತ. ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಮತ್ತು ಅರಿವಳಿಕೆ ವೈದ್ಯ ಸ್ಟುವರ್ಟ್ ಹ್ಯಾಮೆರಾಫ್ ಇದನ್ನು ಒಪ್ಪುವುದಿಲ್ಲ, ಮಿದುಳಲ್ಲಿ ಕ್ವಾಂಟಮ್ ಆಟ ಇದೆ ಅನ್ನುವುದು ಅವರ ವಾದ. ನನಗೆ ಟೆಗ್‌ಮಾರ್ಕ್ ಕಡೆಯೇ ತೂಕ ಕಾಣುತ್ತದೆ. ನಿಮ್ಮ ನೀವುತನ ಆ ನಾಜೂಕು ಸ್ಥಿತಿಯಲ್ಲೇ ಇದ್ದಿದ್ದರೆ ಒಂದು ಸೀನು ಬಂದರೆ ನೀವು ಇನ್ಯಾರೋ ಆಗಿಬಿಡಬೇಕಿತ್ತು. ಹಾಗೆ ಆಗುವುದಿಲ್ಲ ಅಂದರೆ ನಿಮ್ಮನ್ನು ಹಿಡಿದಿಟ್ಟಿರುವುದು ಒರಟಾದ, ಗಟ್ಟಿಯಾದ ರಚನೆ. ಒರಟು ರಚನೆಗೆ ಆ 1982ರ ನಿಯಮ ಅಡ್ಡ ಬರುವುದಿಲ್ಲ. ಅದನ್ನು ಓದಬಹುದು, ಬರೆಯಬಹುದು, ಎರಡು ಸಲವೂ ಬರೆಯಬಹುದು. ಅಂದರೆ ಟೆಲಿಪೋರ್ಟೇಷನ್ನನ್ನು ಸಾಧ್ಯದ ಹತ್ತಿರಕ್ಕೆ ತರುವ ಕಾರಣವೇ ನಿಮ್ಮ ಜೆರಾಕ್ಸನ್ನೂ ಸಾಧ್ಯದ ಹತ್ತಿರಕ್ಕೆ ತರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಈಗ ನೋಟ್‌ಬುಕ್

ಪ್ರಶ್ನೆ ಹೀಗಿದೆ. ಬ್ರಿಟನ್ನಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಇಟ್ಟದ್ದು. ಭೂಮಿಯ ಮೇಲಿನ ಒಂದು ಪೆಟ್ಟಿಗೆಯೊಳಗೆ ಹೋಗಿ ಗುಂಡಿ ಒತ್ತುತ್ತೀರಿ. ಯಂತ್ರ ನಿಮ್ಮ ಮಿದುಳು, ದೇಹ ಎಲ್ಲವನ್ನೂ ಓದಿ, ಇಲ್ಲಿಯದನ್ನು ಅಳಿಸಿ, ಮಂಗಳ ಗ್ರಹದಲ್ಲಿ ಹೊಸ ವಸ್ತುವಿನಿಂದ ಹಾಗೇ ಕಟ್ಟುತ್ತದೆ. ಅಲ್ಲಿ ಎದ್ದವರಿಗೆ ನಿಮ್ಮ ನೆನಪೆಲ್ಲ ಇದೆ, ಬೆಳಿಗ್ಗೆ ತಿಂದ ಉಪ್ಪಿಟ್ಟಿನವರೆಗೆ. ನೀವು ಹೋಗಿ ಮುಟ್ಟಿದಿರಾ, ಸತ್ತಿರಾ? ಒಂದೇ ಪದದಲ್ಲಿ ಬರೆಯಿರಿ. ಆಮೇಲೆ ತಿದ್ದಬೇಡಿ. ಮುಂದೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತಾ ಹೋಗಿ, ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದು ನಿಮ್ಮ ಉತ್ತರವನ್ನು ಅಲ್ಲಾಡಿಸಿತು ಅಂತ ಗೊತ್ತಾಗುವುದಿಲ್ಲ.

ವಸ್ತುವಿನಿಂದ ಶುರು ಮಾಡಿ. "ಅದು ಬೇರೆ ಪರಮಾಣು, ಹಾಗಾಗಿ ನಾನಲ್ಲ" ಅಂತ ಬರೆದಿದ್ದರೆ ಸ್ವಲ್ಪ ತಡೆಯಿರಿ. ಏಳು ವರ್ಷಕ್ಕೆ ದೇಹದ ಎಲ್ಲ ಕೋಶವೂ ಹೊಸದಾಗುತ್ತದೆ ಅನ್ನುವ ಮಾತು ಸುಳ್ಳು. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಹಿಡಿದು ಕೋಶಗಳ ವಯಸ್ಸು ಅಳೆಯಿತು. ಮಿದುಳಿನ ಹೊರಪದರದ ನರಕೋಶಗಳು ಹುಟ್ಟಿನಿಂದ ಇದ್ದವೇ ಅಂತ ಕಂಡಿತು. ಆದರೆ ಆ ಕೋಶಗಳ ಒಳಗಿನ ಪ್ರೋಟೀನ್‌ಗಳು ಬದಲಾಗುತ್ತಲೇ ಇರುತ್ತವೆ, ಹೆಚ್ಚು ಕಡಿಮೆ ಹಾಗೇ ಉಳಿಯುವುದು ಡಿಎನ್‌ಎ. ಹಾಗಾದರೆ ನರಕೋಶದ ಡಿಎನ್‌ಎಯಲ್ಲಿರುವ ಆ ಪರಮಾಣುಗಳೇ ನೀವಾ? ಹೌದು ಅಂತ ಬರೆಯುವ ಧೈರ್ಯ ಇದ್ದರೆ ಬರೆಯಿರಿ, ನನಗೆ ಇಲ್ಲ.

ಮುಂದಿನದು ನಡುವಿನ ಬಿಡುವು. "ನನ್ನ ಪ್ರಜ್ಞೆಯ ಎಳೆ ಕಡಿದುಹೋಯಿತಲ್ಲ" ಅನ್ನುವುದು ತುಂಬಾ ಜನರ ತಕರಾರು. ನಿದ್ದೆಯ ಉದಾಹರಣೆ ಕೊಟ್ಟರೆ "ನಿದ್ದೆಯಲ್ಲೂ ಮಿದುಳು ಓಡುತ್ತಿರುತ್ತದೆ" ಅನ್ನುತ್ತಾರೆ, ಅದು ಸರಿಯೇ. ಅದಕ್ಕೆ ಆಸ್ಪತ್ರೆಯ ಉದಾಹರಣೆ ಹಿಡಿಯಿರಿ. ಮಹಾಪಧಮನಿಯ ಕೆಲವು ಆಪರೇಷನ್‌ಗಳಲ್ಲಿ ರೋಗಿಯ ದೇಹವನ್ನು 18-20 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗೆ ಮಾಡಿ, ಹೃದಯ ನಿಲ್ಲಿಸಿ, ರಕ್ತದ ಓಟವನ್ನೇ ನಿಲ್ಲಿಸುತ್ತಾರೆ. ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿಯ ಗೆರೆ ಸಪಾಟು. ಹತ್ತಿಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಮತ್ತೆ ಬೆಚ್ಚಗೆ ಮಾಡಿದರೆ ರೋಗಿ ಎದ್ದು ಮನೆಯವರ ಗುರುತು ಹಿಡಿಯುತ್ತಾರೆ. ಎಳೆ ಕಡಿದರೆ ಮನುಷ್ಯ ಹೋದ ಅನ್ನುವವರು ಈ ರೋಗಿಯ ಹೆಂಡತಿಗೆ ಏನು ಹೇಳುತ್ತಾರೆ, ಅದನ್ನೂ ಅದೇ ಪುಟದಲ್ಲಿ ಬರೆದಿಡಬೇಕು.

ಒಂದೊಂದೇ ನರಕೋಶವನ್ನು ನಿಧಾನವಾಗಿ ಬದಲಾಯಿಸಿದರೆ ಪರವಾಗಿಲ್ಲ, ಒಂದೇ ಸಲಕ್ಕೆ ಬದಲಾಯಿಸಿದರೆ ಸಾವು ಅನ್ನುವವರೂ ಇದ್ದಾರೆ. ಅವರಿಗೆ ಒಂದೇ ಪ್ರಶ್ನೆ: ಎಷ್ಟು ನಿಧಾನ? ಗಂಟೆಗಾ, ವರ್ಷಕ್ಕಾ? ಮುಂದಕ್ಕೆ ಹೋಗೋಣ.

ಈಗ ಸಮಯ. ಇಲ್ಲಿ ನಿಧಾನವಾಗಿ ಕೂರಿ, ಇದೇ ಕಷ್ಟದ್ದು, ಇದೂ ಪಾರ್ಫಿಟ್ ಅವರದ್ದೇ. ಯಂತ್ರ ಸುಧಾರಿಸಿದೆ, ಈಗ ಅಳಿಸದೇ ಓದುತ್ತದೆ. ಗುಂಡಿ ಒತ್ತಿದಿರಿ, ಮಂಗಳದಲ್ಲಿ ನೀವು ಎದ್ದಿರಿ, ಇಲ್ಲೂ ನೀವು ಇದ್ದೀರಿ. ಅಷ್ಟರಲ್ಲಿ ಯಂತ್ರ ನೋಡಿಕೊಳ್ಳುವವರು ಬಂದು, ಓದುವಾಗ ನಿಮ್ಮ ಹೃದಯಕ್ಕೆ ಪೆಟ್ಟಾಗಿದೆ, ಕೆಲವೇ ದಿನ ಉಳಿದಿರುವುದು, ಆದರೆ ಮಂಗಳದಲ್ಲಿರುವವರು ಆರೋಗ್ಯವಾಗಿದ್ದಾರೆ ಅನ್ನುತ್ತಾರೆ. ಪರದೆಯ ಮೇಲೆ ಅವರೇ ಬಂದು, ನಿಮ್ಮ ಮನೆಯವರನ್ನು ನೋಡಿಕೊಳ್ಳುತ್ತೇನೆ, ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸುತ್ತೇನೆ ಅಂತ ಸಮಾಧಾನ ಮಾಡುತ್ತಾರೆ. ನಿಮಗೆ ಸಮಾಧಾನ ಆಯಿತಾ?

ಮೊದಲ ಪ್ರಶ್ನೆಗೆ "ಮುಟ್ಟಿದೆ" ಅಂತ ಬರೆದವರಲ್ಲೂ ಹೆಚ್ಚಿನವರಿಗೆ ಇಲ್ಲಿ ಹೊಟ್ಟೆ ಕಿವುಚುತ್ತದೆ. ಯಾಕೆ? ಮೊದಲ ಸಲವೂ ಇಲ್ಲಿಯ ದೇಹ ಹೋಗಿತ್ತು, ಈಗಲೂ ಹೋಗುತ್ತಿದೆ. ಮೊದಲ ಸಲವೂ ಮಂಗಳದಲ್ಲಿ ಒಬ್ಬರು ಎದ್ದಿದ್ದರು, ಈಗಲೂ ಎದ್ದಿದ್ದಾರೆ. ಬೇರೆ ಆಗಿದ್ದು ಕೆಲವು ದಿನದ ಅಂತರ ಮಾತ್ರ. ಆ ಅಂತರವನ್ನು ಕಡಿಮೆ ಮಾಡುತ್ತಾ ಹೋಗಿ. ಒಂದು ದಿನ, ಒಂದು ಗಂಟೆ, ಒಂದು ಸೆಕೆಂಡ್. ಯಾವ ಹಂತದಲ್ಲಿ ಸಾವು ಪ್ರಯಾಣ ಆಗಿಬಿಡುತ್ತದೆ? ಪಾರ್ಫಿಟ್ ಇದರಿಂದ ತೆಗೆದ ತೀರ್ಮಾನ ಏನೆಂದರೆ, ಅದು ನಾನೇನಾ ಅನ್ನುವ ಪ್ರಶ್ನೆಗೆ ಅಷ್ಟು ಬೆಲೆಯೇ ಇಲ್ಲ, ನನ್ನ ನೆನಪು, ಸ್ವಭಾವ, ಆಸೆಗಳು ಮುಂದುವರಿದರೆ ಸಾಕು. ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1981ರಲ್ಲಿ ಬೇರೆ ದಾರಿ ಹಿಡಿದಿದ್ದರು: ನಿಮಗೆ ಅತಿ ಹತ್ತಿರವಾಗಿ ಮುಂದುವರಿದವರು ಯಾರೋ ಅವರೇ ನೀವು. ಹಾಗಾದರೆ ಇಲ್ಲಿಯವರು ಬದುಕಿದ್ದರೆ ಮಂಗಳದವರು ನೀವಲ್ಲ, ಇಲ್ಲಿಯವರು ಹೋದರೆ ಮಂಗಳದವರೇ ನೀವು. ಯಾರೋ ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ ಸತ್ತರೆ ನಾನು ನಾನಾಗುತ್ತೇನೆ ಅನ್ನುವುದು ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ.

ಕೊನೆಯದು, ಇಬ್ಬರು. ಒಬ್ಬರು ಮಂಗಳದಲ್ಲಿ, ಇನ್ನೊಬ್ಬರು ಚಂದ್ರನ ಮೇಲೆ, ಇಲ್ಲಿ ಯಾರೂ ಇಲ್ಲ. ಈ ಜಗಳ ನಮ್ಮ ನೆಲದಲ್ಲಿ ಯಂತ್ರವಿಲ್ಲದೆಯೇ ನಡೆದಿದೆ. ನೋಡಿದವನೇ ಈಗ ಮುಟ್ಟುತ್ತಿದ್ದಾನೆ, "ಆಗ ನೋಡಿದ್ದು ಇದನ್ನೇ" ಅಂತ ಗುರುತು ಹಿಡಿಯಬೇಕಾದರೆ ಎರಡಕ್ಕೂ ಒಬ್ಬನೇ ಇರಬೇಕು, ಅವನೇ ಆತ್ಮ ಅಂತ ನ್ಯಾಯ ದರ್ಶನದವರು ಹೇಳುತ್ತಾರೆ. ನೆನಪು ಅನ್ನುವುದು ಒಬ್ಬನೇ ಇದ್ದರೆ ಮಾತ್ರ ಸಾಧ್ಯ ಅಂತ ಶಂಕರರೂ ಬೌದ್ಧರ ಮೇಲೆ ಹೋಗುತ್ತಾರೆ. ಆ ಕಡೆ ಬೌದ್ಧ ಭಿಕ್ಷು ನಾಗಸೇನ ರಾಜ ಮಿಲಿಂದನಿಗೆ, ಮುಂದೆ ಹುಟ್ಟುವವನು ಅವನೂ ಅಲ್ಲ, ಬೇರೆಯವನೂ ಅಲ್ಲ ಅನ್ನುತ್ತಾನೆ. ಇಬ್ಬರು ಎದ್ದ ಕಥೆಯನ್ನು ಇವರ ಮುಂದೆ ಇಟ್ಟು ನೋಡಿ. ಇಬ್ಬರಿಗೂ ಪೂರ್ತಿ ನೆನಪಿದೆ, ಇಬ್ಬರೂ "ಆಗ ನೋಡಿದವನು ನಾನೇ" ಅನ್ನುತ್ತಾರೆ. ನೆನಪೇ ಆತ್ಮಕ್ಕೆ ಸಾಕ್ಷಿ ಅಂದವರಿಗೆ ಇಲ್ಲಿ ಒಂದು ಸಾಕ್ಷಿ ಜಾಸ್ತಿಯಾಯಿತು. ನಾಗಸೇನನಿಗೆ ಮಾತ್ರ ಇದು ತೊಂದರೆಯೇ ಅಲ್ಲ, ಅವನ ಉತ್ತರ ಇಬ್ಬರಿಗೂ ಹಾಗೇ ಹೊಂದುತ್ತದೆ.

ಪರಕಾಯ ಪ್ರವೇಶ ಅಂದರೂ ಇದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಶಂಕರರು ರಾಜ ಅಮರುಕನ ದೇಹ ಹೊಕ್ಕ ಕಥೆಯಲ್ಲಿ ಹಳೆಯ ದೇಹವನ್ನು ಶಿಷ್ಯರು ಕಾಯುತ್ತಾ ಕೂರುತ್ತಾರೆ, ಯಾಕೆಂದರೆ ಅದು ಖಾಲಿ, ಹೋದದ್ದು ಒಂದೇ ಒಂದು, ಅದು ವಾಪಸ್ ಬರಬೇಕು. ಅಲ್ಲಿ ಎರಡಾಗುವ ಮಾತೇ ಇಲ್ಲ. ಕ್ಯೂಬಿಟ್ ಕಥೆಗೆ ಅದು ಹತ್ತಿರ, ಮಿದುಳಿನ ನಕ್ಷೆಯ ಕಥೆಗೆ ದೂರ.

ನನ್ನ ಪುಟದಲ್ಲಿ ಇರುವುದು ಇಷ್ಟು. ವಸ್ತು ಮುಖ್ಯ ಅಲ್ಲ. ಬಿಡುವು ಮುಖ್ಯ ಅಲ್ಲ. ಇಬ್ಬರು ಎದ್ದರೆ ಇಬ್ಬರಿಗೂ ನನ್ನ ಹೆಸರಿನ ಮೇಲೆ ಒಂದೇ ಹಕ್ಕು. ಇಷ್ಟು ಒಪ್ಪಿದ ಮೇಲೆ ಹೃದಯಕ್ಕೆ ಪೆಟ್ಟಾದ ಆ ಕಥೆಯಲ್ಲಿ ನನಗೆ ಹೆದರಿಕೆ ಆಗಬಾರದು. ಆದರೂ ಆಗುತ್ತದೆ. ಆ ಹೆದರಿಕೆ ಏನನ್ನೋ ಹೇಳುತ್ತಿದೆಯಾ, ಅಥವಾ ಹುಲಿ ಹಾವುಗಳಿಂದ ಓಡಲು ಬಂದ ಹಳೇ ಅಭ್ಯಾಸವಾ? ಎರಡನೆಯದೇ ಅನ್ನುವ ಕಡೆ ವಾಲಿದ್ದೇನೆ, ಗುಂಡಿ ಒತ್ತು ಅಂದರೆ ಮಾತ್ರ ಒತ್ತುವುದಿಲ್ಲ.

ನಾಲ್ಕು ಜನ ಸೇರಿದಾಗ

ಒಬ್ಬರೇ ಮಾಡುವುದಕ್ಕಿಂತ ಇದು ಗುಂಪಿನಲ್ಲಿ ಚೆನ್ನಾಗಿ ಆಗುತ್ತದೆ. ಬ್ರಿಟನ್ನಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1970ರಲ್ಲಿ ತೋರಿಸಿದ ಒಂದು ಉಪಾಯ ಬಳಸಿ. ಗುಂಪನ್ನು ಎರಡು ಮಾಡಿ ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಹೇಳಿ. ಮೊದಲ ಗುಂಪಿಗೆ: "ನಿಮ್ಮ ನೆನಪು, ಸ್ವಭಾವ ಎಲ್ಲ ಇನ್ನೊಬ್ಬರ ದೇಹಕ್ಕೆ, ಅವರದ್ದು ನಿಮ್ಮ ದೇಹಕ್ಕೆ ಹೋಗುತ್ತದೆ. ಆಮೇಲೆ ನಿಮ್ಮ ಹಳೆಯ ದೇಹಕ್ಕೆ ಚಿತ್ರಹಿಂಸೆ ಕೊಡುತ್ತಾರೆ. ನಿಮಗೆ ಹೆದರಿಕೆಯಾ?" ಎರಡನೆಯ ಗುಂಪಿಗೆ: "ನಾಳೆ ನಿಮಗೆ ಚಿತ್ರಹಿಂಸೆ ಕೊಡುತ್ತಾರೆ. ಅದಕ್ಕೂ ಮೊದಲು ನಿಮ್ಮ ನೆನಪೆಲ್ಲ ಅಳಿಸಿ, ಬೇರೆ ಯಾರದ್ದೋ ನೆನಪು ತುಂಬುತ್ತಾರೆ. ನಿಮಗೆ ಹೆದರಿಕೆಯಾ?" ಆ ದೇಹಕ್ಕೆ ಎರಡರಲ್ಲೂ ಆಗುವುದು ಒಂದೇ. ಆದರೆ ಮೊದಲನೆಯವರು ನಿರಾಳವಾಗಿಯೂ ಎರಡನೆಯವರು ಗಾಬರಿಯಾಗಿಯೂ ಉತ್ತರ ಕೊಡುವ ಸಂಭವ ಜಾಸ್ತಿ. ಎರಡೂ ಉತ್ತರ ಅಕ್ಕಪಕ್ಕ ಇಟ್ಟು ಓದಿದ ಮೇಲೆ ನಿಜವಾದ ಚರ್ಚೆ ಶುರುವಾಗುತ್ತದೆ, ಅಲ್ಲಿಯವರೆಗೆ ಆಗುವುದು ಬರೀ ಬಿಸಿಮಾಡಿಕೊಳ್ಳುವುದು.

ಮಾತು ತೀರಾ ಆಕಾಶಕ್ಕೆ ಹೋದರೆ ಕಾಗದಪತ್ರದ ಮಾತು ತೆಗೆಯಿರಿ. ಮಂಗಳದಿಂದ ವಾಪಸ್ ಬಂದವರ ಬೆರಳಚ್ಚು, ಕಣ್ಣಿನ ಗುರುತು ನಿಮ್ಮದೇ. ಇಬ್ಬರಿದ್ದರೆ ಎರಡನೆಯವರು ಆಧಾರ್‌ಗೆ ಅರ್ಜಿ ಹಾಕಿದಾಗ, ಈ ಬೆರಳಚ್ಚು ಆಗಲೇ ಇದೆ ಅಂತ ತಿರಸ್ಕಾರ ಆಗುತ್ತದೆ. ಇಲ್ಲಿಯ ದೇಹ ಹೋಗಿ ಅಲ್ಲಿ ಒಬ್ಬರೇ ಎದ್ದರೆ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಬೇಕಾ? ಸತ್ತರು ಅಂದರೆ ಮಕ್ಕಳ ಹೆಸರಿಗೆ ಖಾತೆ ಆಗಬೇಕು. ಸತ್ತಿಲ್ಲ ಅಂದರೆ ಮರಣ ಪ್ರಮಾಣಪತ್ರ ಕೊಡುವ ಹಾಗಿಲ್ಲ, ಪೆಟ್ಟಿಗೆಯಲ್ಲಿ ಉಳಿದದ್ದಕ್ಕೆ ಏನು ಹೆಸರು? ಇಬ್ಬರು ಎದ್ದರೆ ಆಸ್ತಿಯಲ್ಲಿ ಅರ್ಧರ್ಧ ಅಂತ ಎಲ್ಲರೂ ಬೇಗ ಒಪ್ಪಿಬಿಡುತ್ತಾರೆ. ಆಗ ಕೇಳಿ, ಬ್ಯಾಂಕ್ ಸಾಲವೂ ಅರ್ಧರ್ಧವಾ, ಅಥವಾ ಬ್ಯಾಂಕಿನವರು ಇಬ್ಬರಿಂದಲೂ ಪೂರ್ತಿ ಕಂತು ಕೇಳಬಹುದಾ ಅಂತ. ಯಂತ್ರ ಹತ್ತುವ ಮೊದಲು ನೀವು ಒಬ್ಬರೇ ಸಹಿ ಹಾಕಿದ ಸಾಲ ಅದು, ಈಗ ಇಬ್ಬರಿಗೂ ಆ ಸಹಿ ಹಾಕಿದ ನೆನಪಿದೆ. ಅಲ್ಲಿಯವರೆಗೆ "ಇಬ್ಬರೂ ನಾನೇ" ಅಂತ ಗಟ್ಟಿಯಾಗಿ ಹೇಳುತ್ತಿದ್ದವರು ಇಲ್ಲಿ ತಮ್ಮ ನೋಟ್‌ಬುಕ್ಕನ್ನು ಇನ್ನೊಂದು ಸಲ ನೋಡಬಹುದಾ ಅನ್ನುತ್ತಾರೆ. ಕೊಡಬೇಡಿ.